ಪೆಡಲಿನ ಮೇಲಿನ ಕಾಲು

ಘಟ್ಟದ ಮೇಲೆ ಮನೆ ಮಾಡಿಕೊಂಡವರಿಗೆ ವಾಹನದ ವಿಷಯದಲ್ಲಿ ಒಂದು ಸಂಗತಿ ಬೇಗನೆ ಮನದಟ್ಟಾಗುತ್ತದೆ. ಏರುವುದು ಇಂಜಿನ್ನಿನ ಕೆಲಸ, ಇಳಿಯುವುದು ಬ್ರೇಕಿನ ಕೆಲಸ. ಏರುವಾಗ ಇಂಜಿನ್ ಸೋತರೆ ಗಾಡಿ ನಿಲ್ಲುತ್ತದೆ. ದಾರಿಹೋಕರ ನೆರವು ಕೇಳಿ ಹೇಗೋ ಮನೆ ಸೇರಬಹುದು. ಇಳಿಯುವಾಗ ಬ್ರೇಕ್ ಸೋತರೆ ಗಾಡಿ ನಿಲ್ಲುವುದೇ ಇಲ್ಲ. ಬಯಲುನಾಡಿನ ನೆಂಟರು ಕಾರು ಕೊಂಡಾಗ ಅದು ಲೀಟರಿಗೆ ಎಷ್ಟು ಕಿಲೋಮೀಟರು ಕೊಡುತ್ತದೆಂದು ವಿಚಾರಿಸುತ್ತಾರೆ. ನಮ್ಮ ಕಡೆಯವರು ಮೊದಲು ಬ್ರೇಕ್ ಒತ್ತಿ ನೋಡುತ್ತಾರೆ.

ತಾಳವಾಡಿಯ ಸೀಮೆಯನ್ನು ಬಲ್ಲ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಸರಗೋಡು, ಸೊಲ್ಲಾಪುರ, ಆದವಾನಿಗಳ ಕಡೆಯ ಬಂಧುಗಳಿಗಾಗಿ ನಾಲ್ಕು ಮಾತು. 1956ರಲ್ಲಿ ರಾಜ್ಯಗಳ ಗಡಿಯನ್ನು ತಿದ್ದಿ ಬರೆದಾಗ ನಮ್ಮ ನೆರೆಯ ಕೊಳ್ಳೇಗಾಲವು ಮೈಸೂರಿಗೆ ಸೇರಿತು; ನಾವು ಮದರಾಸು ರಾಜ್ಯದಲ್ಲಿಯೇ ಉಳಿದೆವು. 1979ರಲ್ಲಿ ಕೊಯಮತ್ತೂರನ್ನು ಒಡೆದು ಈರೋಡು ಜಿಲ್ಲೆಯನ್ನು ಮಾಡಿದಾಗ ಅದರ ಪಾಲಿಗೆ ಬಂದೆವು. ಇದರಿಂದಾಗಿ ನಮ್ಮ ನೆಂಟಸ್ತನವೆಲ್ಲ ಉತ್ತರಕ್ಕೆ, ಚಾಮರಾಜನಗರದ ಕಡೆಗೆ; ಕಚೇರಿ, ಕೋರ್ಟು, ಜಿಲ್ಲಾಸ್ಪತ್ರೆ, ಕಾಗದಪತ್ರಗಳೆಲ್ಲ ದಕ್ಷಿಣಕ್ಕೆ, ಘಟ್ಟದ ಕೆಳಗೆ. ಲಗ್ನಪತ್ರಿಕೆ ಹಂಚಲು ಹೋಗುವಾಗ ಬ್ರೇಕಿನ ನೆನಪಾಗದು. ಪಹಣಿಯ ನಕಲು ತರಲು ಹೋಗುವಾಗ ದಿಂಬಂನಿಂದ ಬಣ್ಣಾರಿಯವರೆಗಿನ 27 ಹೇರ್‌ಪಿನ್ ತಿರುವುಗಳನ್ನು ಇಳಿಯಲೇಬೇಕು. ದಾರಿಯ ಎರಡೂ ಬದಿಗೆ ಸತ್ಯಮಂಗಲದ ಅರಣ್ಯ. 2013ರಿಂದ ಅದು ಹುಲಿ ಸಂರಕ್ಷಿತ ಪ್ರದೇಶ. ಕಬ್ಬಿನ ಲಾರಿಯ ವಾಸನೆ ಹಿಡಿದು ಆನೆಗಳು ರಸ್ತೆಗೆ ಬರುವುದು ಇಲ್ಲಿ ದಿನನಿತ್ಯದ ಮಾತು. ತಿರುವಿನಾಚೆ ನಿಂತಿರುವುದು ಲಾರಿಯೋ ಆನೆಯೋ ಎಂಬುದು ತಿರುಗಿದ ಮೇಲೆಯೇ ತಿಳಿಯುವುದರಿಂದ, ಒತ್ತಿದೊಡನೆ ನಿಲ್ಲುವ ಬ್ರೇಕು ನಮಗೆ ಸಂಸಾರದ ಅಗತ್ಯಗಳಲ್ಲಿ ಒಂದು.

ಈ ಬ್ರೇಕಿನ ಒಡಲಲ್ಲಿ ನಡೆಯುವುದು ಬಹಳ ಸರಳವಾದ ವ್ಯಾಪಾರ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದೆಡೆ ಒತ್ತಿದರೆ ಆ ಒತ್ತಡವು ಎಲ್ಲೆಡೆಗೂ ಸಮನಾಗಿ ಹರಡುತ್ತದೆಂದು ಪಾಸ್ಕಲ್ 17ನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟ. ಇದನ್ನು ಚಕ್ರಕ್ಕೆ ಅಳವಡಿಸುವ ಹಕ್ಕುಪತ್ರವನ್ನು ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ 1917ರಲ್ಲಿ ಪಡೆದ. 1921ರಲ್ಲಿ ಡ್ಯೂಸೆನ್‌ಬರ್ಗ್ ಎಂಬ ಕಾರು ನಾಲ್ಕು ಚಕ್ರಗಳಿಗೂ ದ್ರವದ ಬ್ರೇಕನ್ನು ಹೊತ್ತು ರಸ್ತೆಗಿಳಿಯಿತು. ಇಂದಿನ ಕಾರುಗಳಲ್ಲಿರುವುದೂ ಮೂಲತಃ ಅದೇ. ಕಾಲಿನಿಂದ ಪೆಡಲ್ ಒತ್ತಿದರೆ ಮಾಸ್ಟರ್ ಸಿಲಿಂಡರಿನಲ್ಲಿರುವ ಬ್ರೇಕ್ ಆಯಿಲು ಸಣ್ಣ ಕೊಳವೆಗಳ ಮೂಲಕ ನಾಲ್ಕು ಚಕ್ರಗಳನ್ನೂ ಬಿಗಿಹಿಡಿಯುತ್ತದೆ. ದ್ರವವು ಕುಗ್ಗುವುದಿಲ್ಲ, ಆದುದರಿಂದ ಕಾಲಿನ ಅಪ್ಪಣೆ ಹಾಗೆಯೇ ಚಕ್ರಕ್ಕೆ ಮುಟ್ಟುತ್ತದೆ. ಗಾಳಿಯಾದರೋ ಕುಗ್ಗುತ್ತದೆ. ಕೊಳವೆಯಲ್ಲಿ ಒಂದು ಗುಳ್ಳೆ ಸೇರಿಕೊಂಡರೆ ನಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆಯನ್ನು ಅಮುಕುವುದರಲ್ಲಿಯೇ ಕಳೆದುಹೋಗಿ, ಪೆಡಲು ಹತ್ತಿಯ ದಿಂಬಿನಂತೆ ಕೆಳಗಿಳಿಯುತ್ತದೆ. ಈ ಗಾಳಿಯನ್ನು ಹೊರದೂಡುವ ಕೆಲಸಕ್ಕೇ ಬ್ರೇಕ್ ಬ್ಲೀಡ್ ಮಾಡುವುದೆಂದು ಹೆಸರು. ನಮ್ಮ ಮೇಸ್ತ್ರಿ ಅದನ್ನು ‘ಏರ್ ತೆಗೆಯೋದು’ ಎನ್ನುತ್ತಿದ್ದರು. ಬ್ಲೀಡ್ ಎಂದರೆ ರಕ್ತ ಹರಿಸುವುದೆಂದು ನನ್ನ ಮಗ ಒಮ್ಮೆ ಅರ್ಥ ಹೇಳಿದಾಗ, ಜಗಲಿಯಲ್ಲಿ ಕುಳಿತಿದ್ದ ನಮ್ಮ ತಾಯಿ, “ಕಾರ್ಗೂ ರಗುತ ಇದ್ದದಾ ಮಗಾ?” ಎಂದು ಕೇಳಿದ್ದರು. ಯೋಚಿಸಿ ನೋಡಿದರೆ ಆ ಪ್ರಶ್ನೆ ಅಷ್ಟೇನೂ ತಪ್ಪಲ್ಲ. ಕೆಟ್ಟುಹೋಗುವ ಗುಣವೂ ಆ ದ್ರವಕ್ಕೆ ಉಂಟು.

ಸಾಮಾನ್ಯ ಬ್ರೇಕ್ ಆಯಿಲು ಹೆಸರಿಗೆ ಮಾತ್ರ ಆಯಿಲು; ಅದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಉಪ್ಪಿನ ಮಡಕೆ ಮಳೆಗಾಲದಲ್ಲಿ ಒದ್ದೆಯಾಗುವಂತೆ ಅದು ಗಾಳಿಯಲ್ಲಿನ ತೇವವನ್ನು ಮೆಲ್ಲಮೆಲ್ಲನೆ ಹೀರುತ್ತದೆ. ಡಬ್ಬದ ಮೇಲೆ ಡಾಟ್ 3 ಎಂದಿದ್ದರೆ ಹೊಸದಿರುವಾಗ ಅದು 205 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯದೆ ನಿಲ್ಲಬೇಕು, ನೂರಕ್ಕೆ 3.7ರಷ್ಟು ನೀರು ಸೇರಿದಾಗ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ರ ಮಿತಿಗಳು 230 ಮತ್ತು 155. ಉದ್ದವಾದ ಇಳಿಜಾರಿನಲ್ಲಿ ಬ್ರೇಕು ಕಾದಂತೆಲ್ಲ ಆ ಬಿಸಿ ದ್ರವಕ್ಕೆ ಮುಟ್ಟುತ್ತದೆ. ನೀರು ಸೇರಿದ ಹಳೆಯ ಆಯಿಲು ಅಲ್ಲಿಯೇ ಕುದಿದು ಆವಿಯಾದರೆ, ಆ ಆವಿಯೂ ಗಾಳಿಯಂತೆಯೇ ಕುಗ್ಗುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲನ್ನು ಬದಲಾಯಿಸಬೇಕೆಂದು ಬಹುತೇಕ ಕಾರುಗಳ ಪುಸ್ತಕಗಳಲ್ಲಿ ಬರೆದಿರುವುದರ ಹಿಂದಿನ ಕಾರಣ ಇದೇ.

ಪುಸ್ತಕದ ಈ ಮಾತು 2011ರ ಮೇ ತಿಂಗಳಲ್ಲಿ ನಮ್ಮ ಸಂಸಾರಕ್ಕೆ ಅನುಭವವಾಗಿ ಬಂತು. ನಮ್ಮದು ಮಾರುತಿ 800. ಸತ್ಯಮಂಗಲದ ಒಂದು ಮದುವೆಗೆಂದು ಐದು ಜನ, ಮೇಲೆ ಸಾಮಾನು, ಎರಡನೆಯ ಗೇರಿನಲ್ಲಿ ಇಳಿಯುತ್ತಿದ್ದೆವು. ಮುಂದೆ ಮರದ ದಿಮ್ಮಿ ತುಂಬಿದ ಲಾರಿಯೊಂದು ಇರುವೆಯಂತೆ ಸಾಗುತ್ತಿತ್ತು. ಅದನ್ನು ದಾಟುವ ಹಾಗಿಲ್ಲ, ಮೇಲಿಂದ ಮೇಲೆ ಬ್ರೇಕ್ ಒತ್ತದೆ ವಿಧಿಯಿಲ್ಲ. ಕೆಳಗಿನ ತಿರುವುಗಳಲ್ಲೊಂದರ ಬಳಿ ಒತ್ತಿದ ಪೆಡಲು ನೆಲದವರೆಗೂ ಹೋಯಿತು. ಮೊದಲನೆಯ ಗೇರಿಗೆ ಹಾಕಿ, ಕೈಬ್ರೇಕನ್ನು ಸ್ವಲ್ಪಸ್ವಲ್ಪವಾಗಿ ಎಳೆದು, ಗುಡ್ಡದ ಕಡೆಯ ಚರಂಡಿಗೆ ಚಕ್ರವನ್ನು ಒರಗಿಸಿ ನಿಲ್ಲಿಸಿದ್ದಾಯಿತು. ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಮುಕ್ಕಾಲು ಗಂಟೆಯ ತರುವಾಯ ತಣ್ಣಗಾದ ಪೆಡಲು ಏನೂ ಆಗಿಲ್ಲವೆಂಬಂತೆ ಮೇಲೆ ಬಂತು. ಅದಕ್ಕೆ ಎರಡು ತಿಂಗಳ ಹಿಂದೆಯಷ್ಟೇ ಕೆಳಗಿನ ಊರೊಂದರ ವರ್ಕ್‌ಶಾಪಿನವರು ಬ್ರೇಕ್ ಆಯಿಲು ಬದಲಾಯಿಸಿದ್ದೇವೆಂದು ಬಿಲ್ಲು ಬರೆದುಕೊಟ್ಟಿದ್ದರು. ಊರಿಗೆ ಮರಳಿದ ಮೇಲೆ ನಮ್ಮ ಮೇಸ್ತ್ರಿ ಹಿಂದಿನ ಚಕ್ರದ ನಿಪ್ಪಲ್ ಬಿಚ್ಚಿದಾಗ ಹೊರಬಿದ್ದದ್ದು ಕಾಫಿ ಡಿಕಾಕ್ಷನ್ನಿನಂಥ ಕಪ್ಪು ನೀರು. “ಮೇಷ್ಟ್ರೇ, ಮೇಲ್ಗಡೆ ಡಬ್ಬದಲ್ಲಿ ಮಾತ್ರ ಹೊಸ್ದು ತುಂಬವ್ರೆ. ಒಳಗಿನ್ದು ಹಂಗೇ ಅದೆ,” ಎಂದರು.

ಅಂದಿನಿಂದ ಈ ಕೆಲಸವು ನಮ್ಮ ಮನೆಯ ಅಂಗಳಕ್ಕೆ ಬಂತು. ದುಡ್ಡು ಉಳಿಸುವ ಆಸೆಯಿಂದಲ್ಲ. ಹಳೆಯ ಆಯಿಲು ಹೊರಬಂದದ್ದನ್ನು ಕಣ್ಣಾರೆ ಕಾಣಬೇಕೆಂಬ ಹಟದಿಂದ. ಮೇಸ್ತ್ರಿಯವರ ಕಣ್ಣೆದುರಿನಲ್ಲಿ ಎರಡು ಬಾರಿ ನಾನೇ ಮಾಡಿ, ಅವರು ಪೆಡಲ್ ಒತ್ತಿ ಒಪ್ಪಿದ ಮೇಲೆಯೇ ಮೂರನೆಯ ಸಲ ಸ್ವತಂತ್ರವಾಗಿ ಕೈಹಾಕಿದ್ದು. ಈ ವಿದ್ಯೆಯನ್ನು ಕಲಿಯಬೇಕೆನ್ನುವವರು ಈ ಕ್ರಮವನ್ನು ಬಿಡಬಾರದೆಂದು ನನ್ನ ಸವಿನಯ ಸೂಚನೆ.

ಹಳೆಯ ಪದ್ಧತಿಗೆ ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕುಳಿತು ಪೆಡಲನ್ನು ಒತ್ತಿ ಹಿಡಿಯುವುದು; ಇನ್ನೊಬ್ಬರು ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕುಳಿತು ನಿಪ್ಪಲನ್ನು ಸಡಿಲಿಸಿ, ಗಾಳಿಯೂ ಆಯಿಲೂ ಹೊರಬಿದ್ದೊಡನೆ ಬಿಗಿಯುವುದು. ಬಿಗಿಯುವ ಮುನ್ನ ಪೆಡಲಿನವರು ಕಾಲು ತೆಗೆದರೆ ಹೊರಗಿನ ಗಾಳಿ ಮತ್ತೆ ಒಳಕ್ಕೆ ಹೋಗುತ್ತದೆ. ಹೀಗಾಗಿ ‘ಒತ್ತು’, ‘ಹಿಡಿ’, ‘ಬಿಡು’ ಎಂಬ ಮೂರು ಮಾತುಗಳಲ್ಲಿ ಎಲ್ಲ ವ್ಯವಹಾರ. 2015ರವರೆಗೆ ಆ ಕಾಲು ನನ್ನ ಮಗನದು. ಅವನು ಕೆಲಸಕ್ಕೆಂದು ಕೊಯಮತ್ತೂರಿಗೆ ಹೋದ ವರ್ಷ ಪಕ್ಕದ ಮನೆಯ ತಮಿಳು ಹುಡುಗ ಬಂದ. ನಾನು ‘ಹಿಡಿ’ ಎಂದರೆ ಅವನು ‘ಪಿಡಿ’ ಎಂದುಕೊಂಡು ಹಿಡಿಯುತ್ತಿದ್ದ. ನಾನು ‘ಬಿಡು’ ಎಂದರೆ ‘ವಿಡು’ ಎಂದುಕೊಂಡು ಬಿಡುತ್ತಿದ್ದ. ಗಡಿನಾಡಿನಲ್ಲಿ ಭಾಷೆಯ ಬಗ್ಗೆ ಏನೆಲ್ಲ ವಾದಗಳಿದ್ದರೂ ಬ್ರೇಕಿನ ಮಟ್ಟಿಗೆ ನಮ್ಮ ನಡುವೆ ಗಡಿಯೇ ಇರಲಿಲ್ಲ. ಅವನೂ ಓದಲೆಂದು ಊರು ಬಿಟ್ಟ ಮೇಲೆ ಪೆಡಲಿನ ಮೇಲಿನ ಕಾಲು ನನ್ನ ಹೆಂಡತಿಯದಾಯಿತು. ಅವಳಷ್ಟು ಕರಾರುವಾಕ್ಕಾಗಿ ಒತ್ತಿ ಹಿಡಿದವರು ಬೇರೆ ಯಾರೂ ಇಲ್ಲ.

2022ರ ಹೊತ್ತಿಗೆ ಅವಳ ಮೊಣಕಾಲು ಮಾತು ಕೇಳದಾಯಿತು. ನಾಲ್ಕು ಚಕ್ರ ಮುಗಿಯುವುದರೊಳಗೆ ಅರವತ್ತು ಎಪ್ಪತ್ತು ಬಾರಿ ಒತ್ತಿ ಹಿಡಿಯಬೇಕು. “ಇನ್ನು ನನ್ನ ಕೈಲಾಗದು ಕಣ್ರೀ, ಬೇರೆ ಏನಾದರೂ ದಾರಿ ನೋಡಿ,” ಎಂದಳು. ನಮ್ಮ ಮೇಸ್ತ್ರಿಯವರು ಅಷ್ಟರಲ್ಲಿ ಅಂಗಡಿ ಮುಚ್ಚಿ ಮಗಳ ಊರಿಗೆ ಹೋಗಿದ್ದರು. ಕೊಯಮತ್ತೂರಿನಲ್ಲಿ ಮೊಮ್ಮಗಳು ಹುಟ್ಟಿದ್ದರಿಂದ ಘಟ್ಟ ಇಳಿಯುವ ಸಂದರ್ಭಗಳು ಮಾತ್ರ ಹೆಚ್ಚಿದ್ದವು. ಒಬ್ಬನೇ ಮಾಡುವುದಾದರೆ ಯಾವ ಸಲಕರಣೆ ಬೇಕು ಎಂಬ ಪ್ರಶ್ನೆ ಹೀಗೆ ಎದುರಾಯಿತು. ಆಗ ವಿಚಾರಿಸಿ, ಪರೀಕ್ಷಿಸಿ ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲನೆಯದು ಸ್ಪ್ಯಾನರ್. ಅಕ್ಕಲಕೋಟೆಯ ಕಡೆಯವರು ಇದನ್ನು ಪಾನಾ ಎನ್ನುವುದನ್ನು ಕೇಳಿದ್ದೇನೆ. ನಿಪ್ಪಲಿನ ತಲೆ ಚಿಕ್ಕದು; ಕಾರಿಗೆ ತಕ್ಕಂತೆ 8, 10 ಅಥವಾ 11 ಮಿಲಿಮೀಟರು. ಮಳೆ ಕೆಸರುಗಳಲ್ಲಿ ವರ್ಷಗಟ್ಟಲೆ ತೊಯ್ದು ಅದು ತುಕ್ಕು ಹಿಡಿದು ಕುಳಿತಿರುತ್ತದೆ. ಬಾಯ್ತೆರೆದ ಸ್ಪ್ಯಾನರನ್ನು ಇಲ್ಲಿ ಹಾಕಲೇಬಾರದು. ಅದು ಆರು ಮುಖಗಳಲ್ಲಿ ಎರಡನ್ನು ಮಾತ್ರ ಹಿಡಿಯುವುದರಿಂದ ಮೂಲೆಗಳು ಸವೆದು ತಲೆ ಉರುಟಾಗುತ್ತದೆ. ರಿಂಗ್ ಸ್ಪ್ಯಾನರೇ ಆಗಬೇಕು. ಅದರಲ್ಲಿಯೂ ಒಳಗಡೆ ಹನ್ನೆರಡು ಮೂಲೆಗಳಿರುವುದಕ್ಕಿಂತ ಆರು ಮೂಲೆಗಳಿರುವುದು ಮೇಲು. ಹಿಂದಿನ ಸಂಜೆಯೇ ನಿಪ್ಪಲಿನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆಯನ್ನು ಸವರಿ, ಬೆಳಿಗ್ಗೆ ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಆಮೇಲೆ ಬಿಚ್ಚಬೇಕು. ಬಿಗಿಯುವಾಗ ಮಣಿಕಟ್ಟಿನ ಬಲ ಸಾಕು. ನಡುವೆ ರಂಧ್ರವಿರುವ ಈ ತಿರುಪು ಭೀಮಬಲವನ್ನು ತಾಳದೆ ಮುರಿದರೆ ಒಳಗೆ ಉಳಿದ ತುಂಡನ್ನು ತೆಗೆಯುವುದು ಮನೆಯವರ ಕೆಲಸವಲ್ಲ. ಈ ಸಲಕರಣೆಗಳಲ್ಲೆಲ್ಲ ಅತ್ಯಂತ ಅಗ್ಗದ್ದು ಈ ಸ್ಪ್ಯಾನರೇ ಆದರೂ ಒಳ್ಳೆಯ ಉಕ್ಕಿನದನ್ನು ಹೆಚ್ಚು ಬೆಲೆ ಕೊಟ್ಟಾದರೂ ಕೊಳ್ಳುವುದು ಉಚಿತ.

ಎರಡನೆಯದು ನಳಿಕೆ ಮತ್ತು ಬಾಟಲಿ. ನಳಿಕೆಯು ಪಾರದರ್ಶಕವಾಗಿರಬೇಕು, ಗುಳ್ಳೆ ಕಾಣದಿದ್ದರೆ ಎಲ್ಲ ಶ್ರಮವೂ ಕುರುಡಾಟ. ಮೀನಿನ ತೊಟ್ಟಿಗೆ ಗಾಳಿ ಊದುವ ಸಣ್ಣ ನಳಿಕೆ ಅನೇಕ ನಿಪ್ಪಲುಗಳಿಗೆ ಬಿಗಿಯಾಗಿ ಕೂರುತ್ತದೆ. ಕೆಲವು ಬಾರಿ ಬಳಸಿದ ಮೇಲೆ ಅದು ಗಡುಸಾಗುವುದರಿಂದ ಆಗಾಗ ಹೊಸದನ್ನು ಕೊಳ್ಳಬೇಕು. ಸಿಲಿಕಾನ್ ನಳಿಕೆಯಾದರೆ ಹೆಚ್ಚು ಕಾಲ ಮೃದುವಾಗಿರುತ್ತದೆ. ಮೊದಲು ರಿಂಗ್ ಸ್ಪ್ಯಾನರನ್ನು ನಿಪ್ಪಲಿಗೆ ಹಾಕಿ, ಅನಂತರ ನಳಿಕೆಯನ್ನು ಚುಚ್ಚಬೇಕೆಂಬುದು ಹೇಳಲು ಸಣ್ಣ ಸಂಗತಿ. ಆದರೆ ನಳಿಕೆ ಚುಚ್ಚಿದ ಮೇಲೆ ರಿಂಗು ಒಳಗೆ ಹೋಗದು. ಬಾಟಲಿಯಲ್ಲಿ ಮೊದಲೇ ಎರಡು ಬೆರಳಿನಷ್ಟು ಹೊಸ ಆಯಿಲು ಹಾಕಿ ನಳಿಕೆಯ ತುದಿಯನ್ನು ಅದರಲ್ಲಿ ಮುಳುಗಿಸಬೇಕು. ನಳಿಕೆಯು ನಿಪ್ಪಲಿನಿಂದ ಮೊದಲು ಮೇಲಕ್ಕೇರಿ ಆಮೇಲೆ ಬಾಟಲಿಗೆ ಇಳಿಯುವಂತೆ ಕಟ್ಟಿದರೆ ಗುಳ್ಳೆಗಳು ತಾವಾಗಿ ಮೇಲೇರಿ ದೂರ ಸರಿಯುತ್ತವೆ. ಪೆಡಲ್ ಬಿಟ್ಟಾಗ ಹಿಂದಕ್ಕೆ ಸೆಳೆಯಲ್ಪಡುವುದು ಗಾಳಿಯಲ್ಲ, ಆಯಿಲು. ಇಷ್ಟು ಏರ್ಪಾಡಾದರೆ ಒಬ್ಬನೇ ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸಿ, ಸೀಟಿಗೆ ಹೋಗಿ ಹತ್ತು ಬಾರಿ ನಿಧಾನವಾಗಿ ಪೆಡಲ್ ಒತ್ತಿ ಬಿಟ್ಟು, ಬಂದು ಬಿಗಿಯಬಹುದು.

ಇದೇ ನಳಿಕೆಯ ನಡುವೆ ಒಮ್ಮುಖದ ಕವಾಟವೊಂದನ್ನು ಸೇರಿಸಿ ಮಾರುವುದುಂಟು. ಆಯಿಲು ಹೊರಗೆ ಹೋಗುತ್ತದೆ, ಒಳಕ್ಕೆ ಬರಲಾರದು. ಉಪಾಯ ಒಳ್ಳೆಯದೇ; ಆದರೆ ಒಳಗಿನ ಪುಟ್ಟ ಸ್ಪ್ರಿಂಗು ಜಿಗುಟಾಗಿ ಸಿಕ್ಕಿಕೊಂಡರೆ ಹೊರಗಿನಿಂದ ತಿಳಿಯುವುದಿಲ್ಲ. ಕೊಂಡೊಡನೆ, ಆಯಿಲು ಸೋಂಕುವ ಮೊದಲೇ, ಎರಡೂ ಕಡೆಯಿಂದ ಊದಿ ನೋಡುವುದು ಒಳ್ಳೆಯದು. ಕವಾಟವಿದ್ದರೂ ನಳಿಕೆಯ ತುದಿ ಆಯಿಲಿನಲ್ಲಿ ಮುಳುಗಿರಲಿ.

ಮೂರನೆಯದು ಕೈಪಂಪು. ಪಿಸ್ತೂಲಿನಂಥ ಹಿಡಿಯನ್ನು ಅಮುಕುತ್ತ ಹೋದರೆ ಅದು ನಿಪ್ಪಲಿನಿಂದ ಆಯಿಲನ್ನು ಹೀರಿ ತನ್ನ ಡಬ್ಬಿಗೆ ಎಳೆದುಕೊಳ್ಳುತ್ತದೆ. ಪೆಡಲಿನ ಗೊಡವೆಯೇ ಇಲ್ಲ. ಪರಿಚಯದವರೊಬ್ಬರಿಂದ ಎರವಲು ತಂದು ನೋಡಿದೆ. ಹಳೆಯ ಆಯಿಲನ್ನು ಎಳೆದುಹಾಕಲು ಅದು ಚೆನ್ನಾಗಿಯೇ ಒದಗಿತು. ಗಾಳಿ ತೆಗೆಯುವಾಗ ಮಾತ್ರ ಗುಳ್ಳೆಗಳು ನಿಲ್ಲಲೇ ಇಲ್ಲ. ಸಡಿಲಿಸಿದ ನಿಪ್ಪಲಿನ ತಿರುಪಿನ ಸುತ್ತಲಿಂದ ಹೊರಗಿನ ಗಾಳಿಯನ್ನೂ ಅದು ಎಳೆದುಕೊಳ್ಳುವುದರಿಂದ, ಕಾಣುವ ಗುಳ್ಳೆ ಕೊಳವೆಯೊಳಗಿನದೋ ಹೊರಗಿನದೋ ಎಂಬುದು ಬಗೆಹರಿಯುವುದಿಲ್ಲ. ನಿಪ್ಪಲಿನ ಬುಡಕ್ಕೆ ಗ್ರೀಸು ಮೆತ್ತಿದಾಗ ಗುಳ್ಳೆ ಕಡಿಮೆಯಾಯಿತು. ಮನಸ್ಸಿನ ಸಂಶಯ ಕಡಿಮೆಯಾಗಲಿಲ್ಲ. ಬ್ರೇಕಿನ ಕೆಲಸದಲ್ಲಿ ಸಂಶಯ ಉಳಿಸುವ ಸಲಕರಣೆ ನನಗೆ ಒಗ್ಗದು.

ನಾಲ್ಕನೆಯದು ಒತ್ತಡದ ಪಂಪು. ತೋಟಕ್ಕೆ ಔಷಧಿ ಹೊಡೆಯುವ ಸಿಂಪರಣೆ ಡಬ್ಬದ ಚಿಕ್ಕ ತಮ್ಮನಂತಿರುವ ಇದರಲ್ಲಿ ಹೊಸ ಆಯಿಲು ತುಂಬಿ, ಮಾಸ್ಟರ್ ಸಿಲಿಂಡರಿನ ಮೇಲಿನ ಡಬ್ಬದ ಬಾಯಿಗೆ ಬಿಗಿದು, ಸುಮಾರು ಒಂದು ಬಾರ್‌ಗೆ ಮೀರದಂತೆ ಗಾಳಿ ತುಂಬುತ್ತಾರೆ. ಬಳಿಕ ಒಂದೊಂದೇ ನಿಪ್ಪಲ್ ಸಡಿಲಿಸುತ್ತ ಹೋದರೆ ಹೊಸ ಆಯಿಲು ಹಳೆಯದನ್ನು ತಾನೇ ದೂಡುತ್ತದೆ. ಒಬ್ಬನ ಕೆಲಸಕ್ಕೆ ಇದಕ್ಕಿಂತ ಅನುಕೂಲವಾದುದು ಇಲ್ಲ. ಅಪ್ಪ ಅಮ್ಮ ಕಷ್ಟಪಡುವುದನ್ನು ಕೇಳಿ ಮಗ ಇದನ್ನೇ ಕೊಂಡು ಕಳುಹಿಸಿದ. ಬೆಲೆ ನೋಡಿ ನನ್ನ ಹೆಂಡತಿ, “ಇಷ್ಟಕ್ಕೆ ಮೊಣಕಾಲಿಗೇ ಔಷಧಿ ಮಾಡಿಸಬಹುದಿತ್ತಲ್ಲ,” ಎಂದಳು. ಆದರೆ ಈ ಪಂಪಿನ ಜೀವವೆಲ್ಲ ಅದರ ಮುಚ್ಚಳದಲ್ಲಿದೆ. ನಮ್ಮ ಕಾರಿನ ಡಬ್ಬದ ಬಾಯಿಗೆ ಹೊಂದುವ ಮುಚ್ಚಳ ಅದರೊಡನೆ ಇರಲಿಲ್ಲ. ಎಲ್ಲ ಕಾರುಗಳಿಗೂ ಆಗುತ್ತದೆಂದು ಕೊಟ್ಟ ರಬ್ಬರಿನ ಹಲಗೆ ಸರಿಯಾಗಿ ಕೂರಲಿಲ್ಲ. ಆಯಿಲು ತುಂಬುವ ಮೊದಲು ಬರಿಯ ಗಾಳಿಯಿಂದ ಪರೀಕ್ಷಿಸಿದಾಗ ಬುಸ್ಸೆಂದು ಸೋರಿತು. ಅಲ್ಲಿ ಆಯಿಲಿದ್ದಿದ್ದರೆ ಅದು ಕಾರಿನ ಬಣ್ಣದ ಮೇಲೆಲ್ಲ ಚಿಮ್ಮುತ್ತಿತ್ತು. ಬ್ರೇಕ್ ಆಯಿಲು ಬಣ್ಣವನ್ನು ತಿಂದುಹಾಕುತ್ತದೆ; ಒಂದು ಹನಿ ಬಿದ್ದರೂ ತಕ್ಷಣ ನೀರಿನಿಂದ ತೊಳೆಯಬೇಕು. ಮಾರುತಿ 800ರ ತಯಾರಿಕೆ 2014ರಲ್ಲಿಯೇ ನಿಂತುಹೋದುದರಿಂದ ಅದರ ಮುಚ್ಚಳವನ್ನು ಹುಡುಕುತ್ತ ಅಲೆಯುವ ಉತ್ಸಾಹ ನನಗಿರಲಿಲ್ಲ. ಪಕ್ಕದ ಬೀದಿಯ ಸ್ನೇಹಿತರ ಕಾರಿಗೆ ಮುಚ್ಚಳವು ಹೇಳಿ ಮಾಡಿಸಿದಂತೆ ಕುಳಿತಿತು. ಪಂಪು ಈಗ ಅವರ ಮನೆಯಲ್ಲಿದೆ.

ಕೊನೆಗೆ ನಮ್ಮ ಪಾಲಿಗೆ ಉಳಿದದ್ದು ಸ್ಪ್ಯಾನರು, ನಳಿಕೆ, ಬಾಟಲಿ. ಒಂದು ಭಾನುವಾರ ಅವನ್ನು ಅಂಗಳದಲ್ಲಿ ಹರಡಿಕೊಂಡು ಕುಳಿತಾಗ ಹೆಂಡತಿ ಬಂದು, “ನಾನು ಏನು ಮಾಡಲಿ?” ಎಂದು ಕೇಳಿದಳು. ಇನ್ನು ಮುಂದೆ ಅವಳಿಗೆ ತೊಂದರೆಯಿಲ್ಲ, ಒಳಗೆ ಹೋಗಿ ವಿಶ್ರಮಿಸಬಹುದು ಎಂದೆ. ಅವಳು ಹೋಗಲಿಲ್ಲ. “ಘಟ್ಟ ಇಳಿಯುವಾಗ ಪಕ್ಕದಲ್ಲಿ ಕೂರುವವಳು ನಾನು. ಒಳಗಿನ ಆಯಿಲು ಹೊಸದೋ ಹಳೆಯದೋ ನನಗೂ ಗೊತ್ತಾಗಬೇಕಲ್ಲವೇ? ಅವತ್ತು ಹಿಂದಿನ ಸೀಟಿನಲ್ಲಿ ಅತ್ತೆಯನ್ನು ಹಿಡಿದುಕೊಂಡು ಕೂತಿದ್ದವಳು ನಾನೇ,” ಎಂದಳು. 2011ರ ಆ ದಿನದ ಬಗ್ಗೆ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. ಹತ್ತು ವರ್ಷಗಳ ಕಾಲ ನಾನು ಸಲಕರಣೆಯ ಲೆಕ್ಕದಲ್ಲಿದ್ದೆ. ಅವಳು ಪ್ರತಿ ತಿರುವಿನಲ್ಲಿಯೂ ಆ ದಿನವನ್ನು ನೆನೆಯುತ್ತಿದ್ದಳು.

ಆಗ ಕೆಲಸವನ್ನು ಬೇರೆ ರೀತಿಯಲ್ಲಿ ಹಂಚಿಕೊಂಡೆವು. ಬ್ಲೀಡ್ ಮಾಡುವಾಗ ಒದಗುವ ಅಪಾಯಗಳಲ್ಲಿ ದೊಡ್ಡದೆಂದರೆ ಬಾನೆಟ್ಟಿನ ಕೆಳಗಿರುವ ಆಯಿಲಿನ ಡಬ್ಬ ಬರಿದಾಗುವುದು. ಚಕ್ರದ ಕಡೆ ಗಮನವಿಟ್ಟವನಿಗೆ ಡಬ್ಬ ಕಾಣುವುದಿಲ್ಲ. ಅದು ಬರಿದಾದರೆ ಮಾಸ್ಟರ್ ಸಿಲಿಂಡರಿಗೇ ಗಾಳಿ ಹೊಕ್ಕು, ಮಾಡಿದ್ದೆಲ್ಲ ಮೊದಲಿನಿಂದ. ಒಬ್ಬನೇ ಮಾಡುವವನು ಪ್ರತಿ ಐದಾರು ಒತ್ತಿಗೊಮ್ಮೆ ಎದ್ದು ನೋಡಬೇಕು. ಡಬ್ಬದ ಬಳಿ ನಿಲ್ಲಲು ಮೊಣಕಾಲು ಬಗ್ಗಬೇಕಾಗಿಲ್ಲ. ಅವಳು ಹೊಸ ಆಯಿಲಿನ ಡಬ್ಬಿ ಹಿಡಿದು ಅಲ್ಲಿ ನಿಂತಳು. ಮಟ್ಟ ಇಳಿದಂತೆಲ್ಲ ತುಂಬುತ್ತ, ‘ನಿಲ್ಲಿ’, ‘ಹೂಂ, ಒತ್ತಿ’ ಎಂದು ಅಪ್ಪಣೆ ಕೊಡುತ್ತ ಹೋದಳು. ಹಿಂದೆ ನಾನು ಅವಳಿಗೆ ‘ಹಿಡಿ’, ‘ಬಿಡು’ ಎನ್ನುತ್ತಿದ್ದುದಕ್ಕೆ ಬಡ್ಡಿಸಹಿತ ತೀರಿಕೆಯಾಯಿತೆಂದು ನನಗೆ ತೋರಿತು. ನಾಲ್ಕೂ ಚಕ್ರ ಮುಗಿದ ತರುವಾಯ ಅವಳೇ ನಿಧಾನವಾಗಿ ಸೀಟಿಗೆ ಹತ್ತಿ ಒಂದೇ ಒಂದು ಬಾರಿ ಪೆಡಲ್ ಒತ್ತಿ ಹಿಡಿದಳು. ಅರ್ಧ ನಿಮಿಷ ಹಿಡಿದೇ ಇದ್ದು, “ಗಟ್ಟಿಯಾಗಿದೆ” ಎಂದಳು. ಅದರ ಮುಂದಿನ ವಾರ ಮೊಮ್ಮಗಳನ್ನು ನೋಡಲು ಹೊರಟಾಗ ದಿಂಬಂ ದಾಟಿದ ಮೇಲೂ ಅವಳು ಬಾಗಿಲ ಹಿಡಿಯನ್ನು ಹಿಡಿದುಕೊಳ್ಳಲಿಲ್ಲ.

ಇನ್ನು ಕೆಲವು ವ್ಯಾವಹಾರಿಕ ಮಾತುಗಳು. ಆಯಿಲಿನ ಡಬ್ಬಿ ಸೀಲು ಒಡೆಯದ ಹೊಸದಿರಬೇಕು. ಅರ್ಧ ಬಳಸಿ ಅಟ್ಟದಲ್ಲಿಟ್ಟದ್ದು ತೇವ ಕುಡಿದಿರುತ್ತದೆ. ಚಿಕ್ಕ ಕಾರಿಗೆ ಅರ್ಧದಿಂದ ಒಂದು ಲೀಟರು ಸಾಕು. ಕಾರಿನ ಡಬ್ಬದ ಮುಚ್ಚಳದ ಮೇಲೆ ಬರೆದಿರುವ ಜಾತಿಯನ್ನೇ ಕೊಳ್ಳಬೇಕು. ಡಾಟ್ 5 ಎಂಬುದು ಸಿಲಿಕಾನಿನದು; ಅದನ್ನು ಉಳಿದವುಗಳೊಡನೆ ಬೆರೆಸಕೂಡದು. ಇಂಜಿನ್ ಆಯಿಲನ್ನಂತೂ ತಪ್ಪಿಯೂ ಸುರಿಯಬಾರದು. ಒಳಗಿನ ರಬ್ಬರುಗಳು ಊದಿ ಬ್ರೇಕೇ ನಾಶವಾಗುತ್ತದೆ. ಹೊರಬಂದ ಆಯಿಲನ್ನು ಎಷ್ಟೇ ತಿಳಿಯಾಗಿ ಕಂಡರೂ ಮರಳಿ ಬಳಸುವಂತಿಲ್ಲ. ಚರಂಡಿಗೆ ಚೆಲ್ಲದೆ, ಮುಚ್ಚಳವಿರುವ ಬಾಟಲಿಯಲ್ಲಿಟ್ಟು ವರ್ಕ್‌ಶಾಪಿಗೆ ಒಪ್ಪಿಸಬೇಕು.

ಕಾರನ್ನು ಸಮನೆಲದ ಮೇಲೆ ನಿಲ್ಲಿಸಿ, ನೆಲಕ್ಕೆ ತಾಗಿರುವ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿಯ ಮೇಲಲ್ಲದೆ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಜಾಕಿಯೊಂದನ್ನೇ ನಂಬಿ ಕೈ ಒಡ್ಡುವುದು, ಸೀಟಿಗೆ ಹತ್ತಿ ಇಳಿಯುವುದು ಕೂಡದು. ಚಕ್ರಗಳ ಕ್ರಮವನ್ನು ಕಾರಿನ ಪುಸ್ತಕದಲ್ಲಿ ನೋಡಿಕೊಳ್ಳಬೇಕು. ನಮ್ಮ ಕಾರಿನಲ್ಲಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂದಿನ ಎಡಚಕ್ರವೇ ಮೊದಲು. ಹಳೆಯ ಕಾರಾದರೆ ಪೆಡಲಿನ ಕೆಳಗೆ ಒಂದು ಮರದ ತುಂಡನ್ನು ಇಟ್ಟುಕೊಳ್ಳಬೇಕು. ದಿನವೂ ಅರ್ಧದವರೆಗೆ ಮಾತ್ರ ಚಲಿಸುವ ಸಿಲಿಂಡರಿನ ರಬ್ಬರುಗಳನ್ನು ಒಮ್ಮೆಲೇ ನೆಲಮುಟ್ಟ ತಳ್ಳಿದರೆ ಅಲ್ಲಿ ಕಟ್ಟಿದ ತುಕ್ಕು ಅವನ್ನು ಹರಿಯಬಹುದು. ಈ ಮರದ ತುಂಡಿಗೆ ಬೆಲೆಯೇ ಇಲ್ಲ. ನಮ್ಮದು ಹಳೆಯ ಮಣೆಯೊಂದರ ಕಾಲು.

ಪೆಡಲಿನ ಎಲ್ಲ ರೋಗಕ್ಕೂ ಗಾಳಿಯೇ ಕಾರಣವಲ್ಲವೆಂಬುದನ್ನೂ ನೆನಪಿಡಬೇಕು. ಮೆತ್ತಗೆ ಸ್ಪಂಜಿನಂತಿದ್ದರೆ ಗಾಳಿ. ಒತ್ತಿ ಹಿಡಿದಾಗ ಗಟ್ಟಿಯಾಗಿ ನಿಂತು ಆಮೇಲೆ ಮೆಲ್ಲಮೆಲ್ಲನೆ ಕುಸಿದರೆ ಎಲ್ಲೋ ಸೋರಿಕೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ರಬ್ಬರು ಸವೆದಿದೆ. ಬ್ಲೀಡ್ ಮಾಡುವುದರಿಂದ ಅದು ಗುಣವಾಗದು, ಕಾರನ್ನು ಓಡಿಸದೆ ಮೆಕ್ಯಾನಿಕ್ಕನ್ನು ಕರೆಸಬೇಕು. ಹೊಸ ಕಾರುಗಳಲ್ಲಿ ಚಕ್ರ ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆಯಿದೆ. 2019ರಿಂದ ನಮ್ಮ ದೇಶದಲ್ಲಿ ಮಾರುವ ಹೊಸ ಕಾರುಗಳಿಗೆ ಅದು ಕಡ್ಡಾಯ. ಅವುಗಳಲ್ಲಿ ಆಯಿಲು ಬದಲಾಯಿಸುವಷ್ಟನ್ನು ಮನೆಯಲ್ಲಿ ಮಾಡಬಹುದಾದರೂ, ಎಬಿಎಸ್ ಪೆಟ್ಟಿಗೆಯೊಳಗೆ ಗಾಳಿ ಹೊಕ್ಕರೆ ಅದನ್ನು ತೆಗೆಯಲು ಅನೇಕ ಕಾರುಗಳಿಗೆ ವರ್ಕ್‌ಶಾಪಿನ ಯಂತ್ರವೇ ಬೇಕು. ಕೆಲಸ ಮುಗಿದ ಮೇಲೆ ಇಂಜಿನ್ ಚಾಲೂ ಮಾಡಿ ಮತ್ತೊಮ್ಮೆ ಪೆಡಲ್ ಪರೀಕ್ಷಿಸಿ, ಬೀದಿಯಲ್ಲಿ ನಡೆಯುವ ವೇಗದಲ್ಲಿ ನಾಲ್ಕಾರು ಬಾರಿ ನಿಲ್ಲಿಸಿ ನೋಡಿದ ನಂತರವೇ ದಾರಿ ಹಿಡಿಯಬೇಕು. ಹೊಸ ಆಯಿಲಿದೆಯೆಂದು ಇಳಿಜಾರಿನಲ್ಲಿ ಗೇರನ್ನು ಮರೆಯುವಂತಿಲ್ಲ. ಯಾವ ಗೇರಿನಲ್ಲಿ ಏರುತ್ತೇವೆಯೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಿರಿಯರ ಮಾತು ಇಂದಿಗೂ ಸಲ್ಲುತ್ತದೆ.

ಯಾವ ಸಲಕರಣೆ ಕೊಳ್ಳಲಿ ಎಂದು ಸ್ನೇಹಿತರು ಕೇಳಿದಾಗ ನಾನು ಮೊದಲು ಅವರ ಮನೆಯಲ್ಲಿ ಯಾರು ಯಾರಿದ್ದಾರೆಂದು ವಿಚಾರಿಸುತ್ತೇನೆ. ಕಾಲಿಗೆ ಬಲವಿರುವವರು ಜೊತೆಗಿದ್ದರೆ ಸ್ಪ್ಯಾನರು, ನಳಿಕೆಗಳೇ ಸಾಕು. ನಿಜವಾಗಿ ಒಬ್ಬರೇ ಇದ್ದು, ಕಾರಿಗೆ ಹೊಂದುವ ಮುಚ್ಚಳ ದೊರೆಯುವುದಾದರೆ ಒತ್ತಡದ ಪಂಪು. ನಮ್ಮಂತೆ ವಯಸ್ಸಾದ ಇಬ್ಬರಿದ್ದರೆ ಬಾಟಲಿ, ನಳಿಕೆ, ಮತ್ತು ಡಬ್ಬದ ಬಳಿ ನಿಲ್ಲುವ ಎರಡು ಕಣ್ಣು. ಆಯಿಲು ಬದಲಾಯಿಸಿದ ದಿನಾಂಕವನ್ನು ಬಾನೆಟ್ಟಿನ ಒಳಬದಿಗೆ ಅಂಟಿಸಿದ ಚೀಟಿಯಲ್ಲಿ ಬರೆದಿಡುವ ಪದ್ಧತಿ ನಮ್ಮದು. ಆ ಚೀಟಿಯನ್ನು ಬರೆಯುವುದು ಈಗ ನನ್ನ ಹೆಂಡತಿ.